ಲ್ಹೊತಾ: ಹಗುರಾಗಿದ್ದ ಕೆಲವು ವರ್ಷಗಳ ಹೆಸರು

ಚೆಕ್ ದೇಶದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಬೆರಳಾಡಿಸುತ್ತ ಹೋದರೆ ಒಂದೇ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ: ಲ್ಹೊತಾ. ಹೊರ್ನಿ ಲ್ಹೊತಾ ಎಂದರೆ ಮೇಲಿನ ಲ್ಹೊತಾ, ದೊಲ್ನಿ ಲ್ಹೊತಾ ಎಂದರೆ ಕೆಳಗಿನದು. ದ್ಲೌಹಾ ಲ್ಹೊತಾ ಉದ್ದನೆಯದು, ಕಮೆನ್ನಾ ಲ್ಹೊತಾ ಕಲ್ಲಿನದು, ನೊವಾ ಲ್ಹೊತಾ ಹೊಸತು. ಇನ್ನೂ ಚಿಕ್ಕದಾದರೆ ಲ್ಹೊತ್ಕಾ. ಅಂಥ ಒಂದು ಲ್ಹೊತ್ಕಾ ಈಗ ಪ್ರಾಗ್ ನಗರದೊಳಗೇ ಸೇರಿಹೋಗಿದೆ. ಎಲ್ಲ ಸೇರಿಸಿದರೆ ಮುನ್ನೂರಕ್ಕೂ ಹೆಚ್ಚು. ಇಷ್ಟೊಂದು ಊರುಗಳಿಗೆ ಒಂದೇ ಹೆಸರಿಡುವಂಥದ್ದು ಆ ನೆಲದಲ್ಲಿ ಏನು ನಡೆದಿತ್ತು ಎಂಬ ಕುತೂಹಲದಿಂದ ನಾನು ಈ ಪದದ ಬೆನ್ನು ಹತ್ತಿದೆ.

ಹೆಚ್ಚಿನ ಲ್ಹೊತಾಗಳು ಪುಟ್ಟ ಊರುಗಳು. ನಡುವೆ ಒಂದು ಬಯಲು, ಅದಕ್ಕೆ ಅಲ್ಲಿಯವರು ನಾವೆಸ್ ಎನ್ನುತ್ತಾರೆ. ಬಯಲಿನಲ್ಲಿ ಗಂಟೆ ತೂಗುಬಿಟ್ಟ ಸಣ್ಣ ಗುಡಿಯಂಥ ಚಾಪೆಲ್, ಅದಕ್ಕೆ ನೆರಳಾಗಿ ಲಿಂಡನ್ ಮರ, ಎಲ್ಲಾದರೂ ಬೆಂಕಿ ಬಿದ್ದರೆ ನೀರೆತ್ತಲು ಒಂದು ಕೊಳ. ಕೆಲವು ಕಡೆ ಮನೆಗಳು ತೊರೆಯ ಉದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಪ್ರತಿ ಮನೆಯ ಹಿತ್ತಿಲಿನಿಂದ ಶುರುವಾದ ಹೊಲದ ಪಟ್ಟಿ ಏರು ಹತ್ತಿ ನೇರ ಕಾಡಿನ ಅಂಚಿಗೆ ಮುಟ್ಟುತ್ತದೆ. ಆ ಪಟ್ಟಿಯನ್ನು ಮೇಲಿನಿಂದ ನೋಡಿದರೆ, ಒಬ್ಬ ಮನುಷ್ಯ ಮನೆಬಾಗಿಲಿನಿಂದ ಹೊರಟು ಮರ ಕಡಿಯುತ್ತ ಕಡಿಯುತ್ತ ಎಲ್ಲಿಯವರೆಗೆ ಹೋದ ಎನ್ನುವುದು ಇವತ್ತಿಗೂ ಕಾಣುತ್ತದೆ.

ಪದದ ಕಥೆ ಶುರುವಾಗುವುದು ಆ ಕೊಡಲಿಯಿಂದಲೇ. 13 ಮತ್ತು 14ನೇ ಶತಮಾನಗಳ ಮಾತು. ಲಾಬೆ ನದಿಯ ಬಯಲಿನ ಒಳ್ಳೆಯ ನೆಲವೆಲ್ಲ ಅಷ್ಟು ಹೊತ್ತಿಗೆ ಉಳುಮೆಗೆ ಬಂದಾಗಿತ್ತು. ಉಳಿದದ್ದು ಸುತ್ತಲಿನ ಎತ್ತರದ ಕಾಡು. ಕಾಡು ರಾಜನದೋ, ಶ್ರೀಮಂತ ಮನೆತನದ್ದೋ, ಮಠದ್ದೋ ಆಗಿರುತ್ತಿತ್ತು. ಯಾರದಾದರೇನು, ಜನ ಉಳದ ಕಾಡಿನಿಂದ ಕಂದಾಯ ಹುಟ್ಟುವುದಿಲ್ಲ. ಹಾಗಾಗಿ ಒಡೆಯರು ಕೆಳಗಿನ ಊರುಗಳ ರೈತರಿಗೆ ಮಾತು ಕೊಟ್ಟರು: ಬನ್ನಿ, ಮರ ಕಡಿಯಿರಿ, ಬೊಡ್ಡೆ ಕೀಳಿರಿ, ಮನೆ ಕಟ್ಟಿರಿ, ಇಂತಿಷ್ಟು ವರ್ಷ ನಮಗೇನೂ ಕೊಡಬೇಡಿ. ಕಾಡು ದಟ್ಟವಾಗಿದ್ದಷ್ಟೂ ವರ್ಷ ಜಾಸ್ತಿ. ಆ ವಿನಾಯಿತಿಗೆ, ವಿನಾಯಿತಿಯ ಆ ವರ್ಷಗಳಿಗೆ, ಹಳೆಯ ಚೆಕ್ ಭಾಷೆಯಲ್ಲಿದ್ದ ಪದವೇ ಲ್ಹೋತಾ.

ಮರ ಕಡಿದವರಿಗೆ ಗೊತ್ತು, ಕಡಿಯುವುದು ಕಷ್ಟದ ಅರ್ಧ ಮಾತ್ರ. ಬೇರು ಹಿಡಿದು ಕೂತ ಬೊಡ್ಡೆ ನೇಗಿಲನ್ನು ಮುಂದೆ ಹೋಗಗೊಡುವುದಿಲ್ಲ. ಒಂದು ಬೊಡ್ಡೆಯ ಸುತ್ತ ಅಗೆದು, ಬೇರು ಒಂದೊಂದಾಗಿ ಕತ್ತರಿಸಿ, ಸನ್ನೆಗೋಲು ಹಾಕಿ ಮೀಟಿ, ಎತ್ತು ಕಟ್ಟಿ ಎಳೆಸಬೇಕು. ಇಂಥ ನೂರು ಬೊಡ್ಡೆ ಎದುರಿಗಿರುವಾಗ ಕಂದಾಯ ಕೇಳುವವನು ಬಾಗಿಲಲ್ಲಿ ನಿಂತರೆ ಊರು ಹುಟ್ಟುವುದಾದರೂ ಹೇಗೆ? ಒಡೆಯರು ಕರುಣೆಯಿಂದ ಲ್ಹೋತಾ ಕೊಟ್ಟರೆಂದು ನಾನು ನಂಬುವುದಿಲ್ಲ, ಲೆಕ್ಕ ಹಾಕಿಯೇ ಕೊಟ್ಟರು. ಆದರೂ ಅದರ ಹಿಂದೆ ಒಂದು ತಿಳುವಳಿಕೆ ಇತ್ತು: ಬೇರೂರುವವನಿಗೆ ಸಮಯ ಬೇಕು.

ಅವಧಿ ಮುಗಿಯುತ್ತಿತ್ತು. ಆಮೇಲೆ ವರ್ಷಕ್ಕೆರಡು ಕಂತು: ಏಪ್ರಿಲ್ 24ರ ಸಂತ ಜಾರ್ಜ್ ಹಬ್ಬಕ್ಕೊಂದು, ಅಕ್ಟೋಬರ್ 16ರ ಸಂತ ಹಾವೆಲ್ ಹಬ್ಬಕ್ಕೊಂದು. ಹೊಲಕ್ಕೆ ಇಳಿಯುವ ಹೊತ್ತಿಗೆ ಒಮ್ಮೆ, ಬೆಳೆ ಮನೆ ಸೇರಿದ ಮೇಲೆ ಇನ್ನೊಮ್ಮೆ. 1300ರಿಂದ ಕುತ್ನಾ ಹೊರಾದ ಬೆಳ್ಳಿಯಲ್ಲಿ ಪ್ರಾಗ್ ಗ್ರೋಶ್ ನಾಣ್ಯ ಟಂಕಿಸತೊಡಗಿದ ಮೇಲೆ ಕಂದಾಯ ಆ ನಾಣ್ಯದಲ್ಲಿ ಎಣಿಕೆಯಾಯಿತು. ಕೊಟ್ಟ ಮಾತು ತೀರಿತು, ವಿನಾಯಿತಿ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ನನ್ನ ಮನಸ್ಸು ನಿಂತದ್ದು ಇಲ್ಲಿ. ಊರಿಗೆ ಹೊಳೆಯ, ಬಂಡೆಯ, ಸಂತನ ಹೆಸರಿಡಬಹುದಿತ್ತು. ಅಲ್ಲಿಯ ಬೇರೆ ಊರುಗಳ ಹೆಸರೂ ಹಾಗೆ ಬಂದವೇ: ಕುದುರೆ ಮೇಲೆ ಸುತ್ತುಹಾಕಿ ಗಡಿ ಗುರುತಿಸಿದ ನೆಲ ಊಯೆಸ್ದ್ ಆಯಿತು, ಸುಟ್ಟು ಸವರಿದ ಕಾಡು ಜ್ದಾರ್ ಆಯಿತು. ಲ್ಹೊತಾದ ಜನರ ಬಾಯಲ್ಲಿ ಉಳಿದದ್ದು ಮಾತ್ರ ಯಾರಿಗೂ ಏನೂ ಕೊಡಬೇಕಿಲ್ಲದಿದ್ದ ಆ ಕೆಲವು ವರ್ಷಗಳ ಹೆಸರು. ಏಳುನೂರು ವರ್ಷವಾದರೂ ಊರಿನ ಫಲಕದ ಮೇಲೆ ಅದೇ ಇದೆ.

ಪದದ ಬೇರು ಕನ್ನಡದ ಓದುಗರಿಗೆ ಹೊಸದಲ್ಲ. ಸ್ಲಾವ್ ಭಾಷೆಗಳಲ್ಲಿ ಹಗುರ ಎಂಬ ಅರ್ಥದ ಒಂದು ಮೂಲಧಾತುವಿದೆ. ಚೆಕ್‌ನ ಲೆಹ್ಕಿ, ಅಂದರೆ ಹಗುರವಾದ, ಅದರಿಂದಲೇ ಬಂದದ್ದು. ಸಂಸ್ಕೃತದ ಲಘು ಅದರ ದೂರದ ಒಡಹುಟ್ಟು. ನಾವು ಲಘು ಉಪಾಹಾರ ಎನ್ನುವಾಗ, ಛಂದಸ್ಸಿನಲ್ಲಿ ಲಘು ಗುರು ಎಣಿಸುವಾಗ ಬಾಯಿಗೆ ಬರುವುದು ಲ್ಹೊತಾದ ನೆಂಟನೇ. ‘ಆಗುತ್ತದೆ, ಸಾಧ್ಯ’ ಎನ್ನಲು ಚೆಕ್ಕರು ಬಳಸುವ ಲ್ಜೆ ಎಂಬ ಪುಟ್ಟ ಪದವೂ ಆ ಬಳಗದ್ದು. ಹಗುರಾಗಿದ್ದರೆ ಸಾಧ್ಯ ಎನ್ನುವುದು ಪದದೊಳಗೇ ಕೂತಿದೆ.

ಹೆಸರಾಗಿ ಹಳ್ಳಿಯಲ್ಲಿ ನಿಂತ ಪದಕ್ಕೆ ಒಬ್ಬ ಅವಳಿ ಇದ್ದಾನೆ. ಅವನು ಪೇಟೆಗೆ ಹೋಗಿ ಕಚೇರಿ ಸೇರಿದ. ಹಳೆಯ ಚೆಕ್‌ನ ದೀರ್ಘ ಓಕಾರ ಕಾಲಕ್ರಮದಲ್ಲಿ ಉವೊ ಆಗಿ, ಕೊನೆಗೆ ಊ ಆಯಿತು. ಆ ಊಕಾರವನ್ನು ಅವರು ಬರೆಯುವುದು ತಲೆಯ ಮೇಲೊಂದು ಪುಟ್ಟ ಉಂಗುರವಿಟ್ಟು. ಕಣ್ಣು ಹತ್ತಿರ ಹಿಡಿದು ನೋಡಿದರೆ ಆ ಉಂಗುರ ಇನ್ನೇನೂ ಅಲ್ಲ, ಕಳೆದುಹೋದ ಓ ಅಕ್ಷರವೇ ಚಿಕ್ಕದಾಗಿ ಮೇಲೆ ಕೂತದ್ದು. ಹೀಗೆ ಲ್ಹೋತಾ ಎಂಬ ಸಾಮಾನ್ಯ ಪದ ಲ್ಹೂತಾ ಆಯಿತು. ಇಂದಿನ ಚೆಕ್‌ನಲ್ಲಿ ಲ್ಹೂತಾ ಎಂದರೆ ಗಡುವು. ಅರ್ಜಿ ಹಾಕಲು ಗಡುವು, ಮೇಲ್ಮನವಿಗೆ ಗಡುವು, ತೆರಿಗೆ ಕಟ್ಟಲು ಗಡುವು. ‘ಇಷ್ಟು ದಿನ ಕೊಡಬೇಕಾಗಿಲ್ಲ’ ಎಂದು ಹೇಳುತ್ತಿದ್ದ ಪದ ಈಗ ‘ಇಷ್ಟು ದಿನದೊಳಗೆ ಕೊಡು’ ಎನ್ನುತ್ತದೆ. ಕೊಟ್ಟ ಕಾಲವೂ ಉಳಿದ ಕಾಲವೂ ಒಂದೇ ಅಳತೆ, ಯಾವ ತುದಿಯಿಂದ ಎಣಿಸುತ್ತೇವೆ ಎನ್ನುವುದು ಬದಲಾಯಿತು.

ನೆರೆಯ ಸ್ಲೊವಾಕಿಯಾದಲ್ಲಿ ಅವಳಿಗಳು ಬೇರೆಯಾಗಲೇ ಇಲ್ಲ. ಅಲ್ಲಿ ಊರೂ ಲೆಹೊತಾ, ಗಡುವೂ ಲೆಹೊತಾ. ಪೋಲೆಂಡಿನಲ್ಲಿ ಅದು ಲಿಗೊತಾ. ಕಾತೊವಿತ್ಸೆ ನಗರದ ಒಂದು ಬಡಾವಣೆಗೆ ಈಗಲೂ ಆ ಹೆಸರಿದೆ. ರಷ್ಯನ್ನರಲ್ಲಿ ಲ್ಗೋತಾ ಇನ್ನೂ ಜೀವಂತ ರಿಯಾಯಿತಿ: ಪಿಂಚಣಿದಾರರಿಗೆ ಬಸ್ಸಿನಲ್ಲಿ, ಔಷಧಿಯಲ್ಲಿ ಸಿಗುವ ಸವಲತ್ತು. 2005ರಲ್ಲಿ ಸರ್ಕಾರ ಅದನ್ನು ತೆಗೆದು ಬದಲಿಗೆ ಹಣ ಕೊಡಲು ಹೊರಟಾಗ ವಯಸ್ಸಾದವರು ಚಳಿಯಲ್ಲಿ ಬೀದಿಗಿಳಿದಿದ್ದರು.

ಲ್ಹೊತಾ ಎಂಬ ಪದಕ್ಕೆ ಎದುರು ನಿಲ್ಲುವ ಇನ್ನೊಂದು ಚೆಕ್ ಪದವಿದೆ, ಅದನ್ನು ಜಗತ್ತೆಲ್ಲ ಬಲ್ಲದು. ರೊಬೊತಾ, ಅಂದರೆ ಒಡೆಯನ ಹೊಲದಲ್ಲಿ ಮಾಡುವ ಬಿಟ್ಟಿ ಚಾಕರಿ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ಊರುಗಳು ಪಾಳುಬಿದ್ದವು. 1654ರ ತೆರಿಗೆ ಪಟ್ಟಿಯಲ್ಲಿ ಬಿಕೋ ಎನ್ನುವ ಹಿಡುವಳಿಗಳು ಸಾಲಾಗಿ ದಾಖಲಾಗಿವೆ. ಉಳಿದ ಕೈಗಳ ಮೇಲೆ ಚಾಕರಿಯ ಹೊರೆ ಏರಿತು. ರೈತರು ದಂಗೆಯೆದ್ದ ಮೇಲೆ, 1680ರಲ್ಲಿ, ಅದಕ್ಕೆ ವಾರಕ್ಕೆ ಮೂರು ದಿನದ ಮಿತಿ ಹಾಕಲಾಯಿತು. ಮಿತಿಯೇ ಮೂರು ದಿನ! 1781ರಲ್ಲಿ ಜೀತದ ಕಟ್ಟು ಸಡಿಲವಾಯಿತು, 1848ರಲ್ಲಿ ರೊಬೊತಾ ಪೂರ್ತಿ ತೊಲಗಿತು. ಮುಂದೆ 1920ರಲ್ಲಿ ಕಾರೆಲ್ ಚಾಪೆಕ್ ತಮ್ಮ ನಾಟಕದಲ್ಲಿ ದಣಿವರಿಯದೆ ದುಡಿಯುವ ಕೃತಕ ಆಳುಗಳಿಗೆ, ಅಣ್ಣ ಯೊಸೆಫ್ ಸೂಚಿಸಿದಂತೆ, ರೋಬೋಟ್ ಎಂದು ಹೆಸರಿಟ್ಟರು. ಹೊರೆಯ ಪದ ಲೋಕ ಸುತ್ತಿತು. ಹಗುರದ ಪದ ಹಳ್ಳಿಗಳಲ್ಲೇ ಉಳಿಯಿತು.

ಲ್ಹೊತಾಗಳಲ್ಲಿ ಹೊರಗಿನವರಿಗೂ ಗೊತ್ತಿರುವುದು ಚೆರ್ವೆನಾ ಲ್ಹೊತಾ, ಕೆಂಪು ಲ್ಹೊತಾ. ದಕ್ಷಿಣ ಬೊಹೆಮಿಯಾದಲ್ಲಿ ತೊರೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಕೆರೆ, ಕೆರೆಯ ನಡುವೆ ಬಂಡೆ, ಬಂಡೆಯ ಮೇಲೆ ಕಡುಕೆಂಪು ಬಣ್ಣದ ಅರಮನೆ, ಅದಕ್ಕೆ ಹೋಗಲು ಕಲ್ಲಿನ ಸೇತುವೆ. ಅಳಿಸಲಾಗದ ರಕ್ತದ ಕಲೆಯನ್ನು ಮುಚ್ಚಲು ಇಡೀ ಗೋಡೆಗೆ ಕೆಂಪು ಬಳಿದರೆಂದು ಐತಿಹ್ಯ ಹೇಳುತ್ತದೆ. ಸಂಗೀತಗಾರ ಕಾರ್ಲ್ ಡಿಟರ್ಸ್ ಫಾನ್ ಡಿಟರ್ಸ್‌ಡಾರ್ಫ್ ಬಡತನ ಮತ್ತು ಕಾಯಿಲೆಯ ಕೊನೆಯ ದಿನಗಳಲ್ಲಿ ಆಶ್ರಯ ಪಡೆದದ್ದು ಈ ಅರಮನೆಯ ಒಡೆಯರಲ್ಲಿ. 1799ರಲ್ಲಿ ಹತ್ತಿರದಲ್ಲೇ ತೀರಿಕೊಂಡ. ನೋಡಲು ಚೆಂದದ ಜಾಗ, ಹೌದು. ಆದರೂ ನನ್ನನ್ನು ಹೆಚ್ಚು ಸೆಳೆಯುವುದು ಅರಮನೆಯಿಲ್ಲದ, ಬೊಡ್ಡೆ ಕಿತ್ತವರ ಲ್ಹೊತಾಗಳೇ.

ಚೆಕ್ ಮತ್ತು ಸ್ಲೊವಾಕ್ ನಾಡಿನ ಲ್ಹೊತಾ, ಲೆಹೊತಾಗಳ ಜನ ವರ್ಷಕ್ಕೊಮ್ಮೆ ತಮ್ಮಲ್ಲೇ ಒಂದು ಊರಿನಲ್ಲಿ ಸೇರುತ್ತಾರೆ. 1993ರಲ್ಲಿ ದೇಶ ಎರಡಾದ ಮೇಲೂ ಗಡಿಯ ಎರಡೂ ಕಡೆಯವರು ಬರುತ್ತಾರೆ. ಅಲ್ಲಿ ಯಾವ ಊರಿನವರು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ. ಹಾಗಾಗಿ ಪರಿಚಯ ಶುರುವಾಗಬೇಕಾದದ್ದು ಎರಡನೆಯ ಪ್ರಶ್ನೆಯಿಂದ: ಯಾವ ಲ್ಹೊತಾ?