ಏನಿದು ಬೆಲ್ ಕರ್ವ್? ಹತ್ತು ಜನರ ತಂಡದಲ್ಲಿ ಅದರ ಲೆಕ್ಕ ಯಾಕೆ ತಪ್ಪುತ್ತೆ?

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನಿದ್ದಾಗ, ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಹೇಳಿದ್ದು ಇಷ್ಟು: "ನಿನ್ನ ಕೆಲಸದಲ್ಲಿ ತಪ್ಪೇನಿಲ್ಲ. ಆದ್ರೆ ಕರ್ವ್‌ಗೆ ಯಾರಾದ್ರೂ ಒಬ್ಬರನ್ನ ಕೆಳಗೆ ಹಾಕಲೇಬೇಕು." ತಂಡದಲ್ಲಿ ನಾವಿದ್ದದ್ದು ಹತ್ತೇ ಜನ. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಸಿಗಲಿಲ್ಲ. ಗಣಿತದ ಹೆಸರು ಕೇಳಿ ನಾನೂ ಸುಮ್ಮನಾದೆ. ಲೆಕ್ಕ ಹಾಕಿ ನೋಡಿದ್ದು ಆಮೇಲೆ.

ಮೊದಲು ಈ ಕರ್ವ್ ಸರಿಯಾಗಿ ಕೆಲಸ ಮಾಡುವ ಜಾಗ ನೋಡೋಣ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತುಂಬುವ ಯಂತ್ರವನ್ನೇ ತಗೊಳ್ಳಿ. ಪಂಪಿನ ಒತ್ತಡ, ಹಾಲಿನ ಉಷ್ಣತೆ, ವಾಲ್ವ್ ಮುಚ್ಚುವ ವೇಗ ಹೀಗೆ ಹತ್ತಾರು ಸಣ್ಣ ಕಾರಣಗಳು ಬೇರೆ ಬೇರೆಯಾಗಿ ಪ್ರತಿ ಪ್ಯಾಕೆಟನ್ನೂ ಒಂಚೂರು ಹೆಚ್ಚುಕಮ್ಮಿ ಮಾಡುತ್ತವೆ. ಸಾವಿರಾರು ಪ್ಯಾಕೆಟ್ ಅಳೆದು ಗ್ರಾಫ್ ಬರೆದರೆ ಗಂಟೆಯ ಆಕಾರ ಮೂಡುತ್ತೆ. ಇದೇ ನಾರ್ಮಲ್ ಡಿಸ್ಟ್ರಿಬ್ಯೂಷನ್. ಸರಾಸರಿಯಿಂದ ಅಳತೆಗಳು ಎಷ್ಟು ಚದುರಿವೆ ಅನ್ನೋದನ್ನು ಹೇಳುವುದು ಸ್ಟ್ಯಾಂಡರ್ಡ್ ಡೀವಿಯೇಷನ್. ಸರಾಸರಿಯ ಆಚೀಚೆ ಒಂದು ಡೀವಿಯೇಷನ್ ಒಳಗೆ ಸುಮಾರು 68%, ಎರಡರೊಳಗೆ 95% ಬರುತ್ತವೆ.

ಯಂತ್ರದ ಸರಾಸರಿ 505 ಎಂಎಲ್, ಡೀವಿಯೇಷನ್ 5 ಎಂಎಲ್ ಅಂದುಕೊಳ್ಳಿ. ಆಗ 500ಕ್ಕಿಂತ ಕಡಿಮೆ ತುಂಬಿದ ಪ್ಯಾಕೆಟ್‌ಗಳು ಸುಮಾರು 16%. ಸರಾಸರಿಯನ್ನು 510ಕ್ಕೆ ಏರಿಸಿದರೆ ಇದು ಸುಮಾರು 2.3%ಕ್ಕೆ ಇಳಿಯುತ್ತೆ. ಆದರೆ ಲಕ್ಷ ಪ್ಯಾಕೆಟ್‌ಗೆ 500 ಲೀಟರ್ ಹಾಲು ಹೆಚ್ಚುವರಿ ಬೇಕು. ಅದರ ಬದಲು ಯಂತ್ರ ರಿಪೇರಿ ಮಾಡಿ ಡೀವಿಯೇಷನ್ 2.5ಕ್ಕೆ ತಂದರೂ ಅದೇ 2.3%, ಹಾಲಿನ ಖರ್ಚಿಲ್ಲದೆ. ವ್ಯಾಪಾರದಲ್ಲಿ ಈ ಗಣಿತದ ನಿಜವಾದ ಉಪಯೋಗ ಇಂಥದ್ದು.

ಇನ್ನು ಮನುಷ್ಯರ ವಿಷಯ. ಜನರಲ್ ಎಲೆಕ್ಟ್ರಿಕ್‌ನ ಮುಖ್ಯಸ್ಥನಾಗಿದ್ದ (1981-2001) ಜಾಕ್ ವೆಲ್ಚ್, ನೌಕರರನ್ನು 20-70-10 ಅಂತ ಭಾಗ ಮಾಡಿ ಕೊನೆಯ 10%ವನ್ನು ಹೊರಗೆ ಕಳಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ.

ವಾದಕ್ಕೆ ಒಪ್ಪೋಣ: ಇಡೀ ಕಂಪನಿಯಲ್ಲಿ 10% ಜನ ನಿಜಕ್ಕೂ ಕಳಪೆ, ಅವರು ಎಲ್ಲ ತಂಡಗಳಲ್ಲೂ ಯಾದೃಚ್ಛಿಕವಾಗಿ ಹಂಚಿಹೋಗಿದ್ದಾರೆ. ಹತ್ತು ಜನರ ತಂಡದಲ್ಲಿ ಅಂಥವರು ಒಬ್ಬರೂ ಇಲ್ಲದಿರುವ ಸಂಭವನೀಯತೆ ಎಷ್ಟು? 0.9 ಅನ್ನು ಹತ್ತು ಸಲ ಗುಣಿಸಿ: ಸುಮಾರು 35%. ಸರಿಯಾಗಿ ಒಬ್ಬರೇ ಇರುವುದು 39%. ಇಬ್ಬರು ಅಥವಾ ಹೆಚ್ಚು, 26%. ಅಂದ್ರೆ ನೂರು ತಂಡಗಳಲ್ಲಿ ಸುಮಾರು 35 ತಂಡಗಳು ತಪ್ಪೇ ಮಾಡದ ಒಬ್ಬರನ್ನು ಬಲಿ ಕೊಡುತ್ತವೆ. 26 ತಂಡಗಳಲ್ಲಿ ಕಳಪೆ ಕೆಲಸಗಾರರು ಆರಾಮಾಗಿ ಪಾರಾಗ್ತಾರೆ.

500 ಜನರ ವಿಭಾಗದಲ್ಲಾದರೆ? ನಿರೀಕ್ಷೆ 50, ಡೀವಿಯೇಷನ್ ಸುಮಾರು 6.7. ಇಲ್ಲೂ 37ರಿಂದ 63ರವರೆಗೆ ಯಾವ ಸಂಖ್ಯೆ ಬಂದರೂ ಅಚ್ಚರಿಯಿಲ್ಲ. 50 ಅಂತಲೇ ಹಟ ಹಿಡಿಯೋದು ಗಣಿತ ಅಲ್ಲ, ಆದೇಶ.

ಇನ್ನೊಂದು ತೊಡಕಿದೆ. ಐದು ಸುತ್ತಿನ ಇಂಟರ್‌ವ್ಯೂ ಮಾಡಿ ಸೋಸಿ ತಗೊಂಡವರು ಮತ್ತೆ ಗಂಟೆಯಾಕಾರದಲ್ಲೇ ಯಾಕೆ ಹರಡಿಕೊಂಡಿರಬೇಕು? ಓ'ಬಾಯ್ಲ್ ಮತ್ತು ಅಗಿನಿಸ್ 2012ರಲ್ಲಿ ಸಂಶೋಧಕರು, ಕಲಾವಿದರು, ರಾಜಕಾರಣಿಗಳು, ಕ್ರೀಡಾಪಟುಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜನರ ಸಾಧನೆಯ ಅಂಕಿಅಂಶ ಪರಿಶೀಲಿಸಿದರು. ಹೆಚ್ಚಿನ ಕಡೆ ಕಂಡದ್ದು ಗಂಟೆ ಅಲ್ಲ. ಕೆಲವೇ ಜನ ತುಂಬಾ ಮುಂದೆ, ಉಳಿದ ಬಹುಪಾಲು ಸರಾಸರಿಗಿಂತ ಕೆಳಗೆ ಗುಂಪಾಗಿ. ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಈ ರ‍್ಯಾಂಕಿಂಗ್ ಕೈಬಿಟ್ಟಿತು.

ನನ್ನ ಅನುಮಾನ ಏನಂದ್ರೆ, ಬಹಳ ಕಡೆ ಈ ಕರ್ವ್ ಇರೋದು ಬಜೆಟ್‌ಗೋಸ್ಕರ. ಇನ್‌ಕ್ರಿಮೆಂಟ್‌ಗೆ ಇಟ್ಟಿರುವ ದುಡ್ಡು ಇಷ್ಟೇ ಅಂತ ನೇರವಾಗಿ ಹೇಳಿದ್ರೆ ನೌಕರರು ಅದನ್ನು ಪ್ರಶ್ನೆ ಮಾಡಬಹುದು, ಚೌಕಾಸಿ ಮಾಡಬಹುದು. ಕರ್ವ್ ಅಂದುಬಿಟ್ಟರೆ ಯಾರ ಹತ್ತಿರ ಜಗಳ ಆಡೋದು? ಮುಂದಿನ ಅಪ್ರೈಸಲ್‌ನಲ್ಲಿ ನಿಮಗೂ ಈ ಮಾತು ಬಂದರೆ ಕೇಳಿ: ಶೇಕಡಾವಾರು ನಿಗದಿಯಾಗಿರೋದು ತಂಡದ ಮಟ್ಟದಲ್ಲೋ, ಕಂಪನಿ ಮಟ್ಟದಲ್ಲೋ? ಎಷ್ಟು ಜನರನ್ನು ಒಟ್ಟಿಗೆ ಹೋಲಿಸಿದ್ದೀರಿ? ಉತ್ತರವನ್ನು ಇಮೇಲ್‌ನಲ್ಲಿ ಕೊಡಿ ಅನ್ನೋದನ್ನು ಮರೀಬೇಡಿ.