ಕಪಿಲೆ-ಕಾವೇರಿಯ ತೀರದಲ್ಲಿ: ಹಳೆಯ ಕಸುಬು, ಹೊಸ ಕಲಿಕೆ

ನಿಮ್ಮ ಮನೆಯ ರೇಡಿಯೋದಿಂದ ‘ಆಕಾಶವಾಣಿ’ ಎಂಬ ಮಾತು ಕೇಳಿಬಂದಾಗ, ಆ ಮಾತು ಎಷ್ಟು ಹಳೆಯದು, ಎಷ್ಟು ಹೊಸದು ಎಂದು ಎಂದಾದರೂ ಯೋಚಿಸಿದ್ದುಂಟೆ? ಕಂಸನಿಗೆ ಎಚ್ಚರಿಕೆ ನುಡಿದ ಅಶರೀರವಾಣಿಯ ಕಥೆಯನ್ನು ನಾವೆಲ್ಲರೂ ಅಜ್ಜಿಯ ಬಾಯಿಂದ ಕೇಳಿದವರೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆ ಹೊಸ ಯಂತ್ರದ ದನಿಗೆ ಪುರಾಣದ ಈ ಹೆಸರು ಬಂದಿತು. ಹೆಸರು ಹಳೆಯದು, ಕೆಲಸ ಹೊಸದು. ಎರಡೂ ಒಂದಕ್ಕೊಂದು ಹೊಂದಿಕೊಂಡವು.

ಹಳೆಯದನ್ನು ಹೊಸದಕ್ಕೆ ಹೊಂದಿಸುವುದು ಯಾವಾಗಲೂ ಇಷ್ಟು ಸಲೀಸಲ್ಲ. ಮದುವೆಯ ಛತ್ರದ ಬಾಗಿಲಿಗೆ ಸಿಮೆಂಟಿನಲ್ಲಿ ಎರಕ ಹೊಯ್ದ ಹೊಯ್ಸಳರ ಬಳ್ಳಿಯನ್ನು ನೀವು ನೋಡಿರಬಹುದು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಒಂದು ಸಂಜೆಯ ಮಟ್ಟಿಗೆ ಪೇಟ ಸುತ್ತಿ, ಮರುದಿನ ಬಿಚ್ಚಿಡುವುದನ್ನೂ ನೋಡಿರಬಹುದು. ಪೂರ್ವಿಕರಿಂದ ನಮಗೆ ಬಂದ ಆಸ್ತಿಯ ಉಪಯೋಗ ಇಷ್ಟೇ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾದುದಿಲ್ಲ. ಮೈಸೂರು ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳು, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ, ನಮಗೆ ಸಾಕು. ನಂಜುಂಡನ ಸನ್ನಿಧಿಯನ್ನು ಬಳಸಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳಷ್ಟೆ. ಆ ಸೀಮೆಯ ಮೂರು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡೋಣ.

ಮೊದಲನೆಯದು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ. ಹೊಯ್ಸಳ ಮೂರನೆಯ ನರಸಿಂಹನ ಆಳಿಕೆಯಲ್ಲಿ ಸೋಮನಾಥ ದಂಡನಾಯಕನು ಇದನ್ನು ಕಟ್ಟಿಸಿದನು, 1268ರಲ್ಲಿ ಪ್ರತಿಷ್ಠೆಯಾಯಿತು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಇದೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಹೋದವರು ಸಾಮಾನ್ಯವಾಗಿ ವಿಗ್ರಹಗಳ ಒಡವೆಗಳನ್ನು ನೋಡಿ ಬೆರಗಾಗಿ ಬರುತ್ತಾರೆ. ಮುಂದಿನ ಸಲ ಹೋದಾಗ ನೀವು ಕೆಲಸಗಾರನ ಕಣ್ಣಿನಿಂದ ನೋಡಿರಿ. ಆತನು ಬಳಪದ ಕಲ್ಲನ್ನು ಏಕೆ ಆರಿಸಿಕೊಂಡನು? ಗಣಿಯಿಂದ ತೆಗೆದಾಗ ಅದು ಮೃದು, ಗಾಳಿಗೆ ಆರಿದಂತೆ ಗಟ್ಟಿ. ಮಂಟಪದ ಕಂಬಗಳು ಹೇಗೆ ಅಷ್ಟು ನುಣುಪಾದುವು? ಬಡಗಿಯು ಮರವನ್ನು ಕಡೆಯುವ ರೀತಿಯಲ್ಲಿ ಕಲ್ಲನ್ನು ತಿರುಗಿಸಿ ಕಡೆದರು. ಗರ್ಭಗುಡಿಗಳ ಹೊರಗೋಡೆ ಹದಿನಾರು ಮೊನೆಯ ನಕ್ಷತ್ರದಂತಿದೆಯಲ್ಲ, ಅದರ ಗುಟ್ಟೇನು? ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಲಂಬಕೋನದ ಕಾಲುಭಾಗದಷ್ಟು ತಿರುಗಿಸಿರಿ. ಇನ್ನೊಮ್ಮೆ, ಮತ್ತೊಮ್ಮೆ ತಿರುಗಿಸಿರಿ. ಒಂದರ ಮೇಲೊಂದು ನಾಲ್ಕು ಚೌಕ, ನಾಲ್ನಾಲ್ಕು ಹದಿನಾರು ಮೊನೆ. ಒಂದು ಗುಂಡುಸೂಜಿ, ಒಂದು ರಟ್ಟಿನ ಚೌಕ, ಒಂದು ಪೆನ್ಸಿಲು ಇದ್ದರೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇದನ್ನು ಹತ್ತು ನಿಮಿಷದಲ್ಲಿ ಬರೆಯಬಹುದು.

ಅಲ್ಲಿ ಇನ್ನೊಂದು ವಿಶೇಷವುಂಟು. ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರು ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮಸಣಿತಮ್ಮ, ಚೌಡೆಯ, ನಂಜೆಯ ಮುಂತಾದವರೂ ಇದ್ದಾರೆ. ಗುಡಿಯನ್ನು ಕಟ್ಟಿಸಿದವನ ಹೆಸರಿನ ಜೊತೆಗೆ ಕಡೆದವರ ಹೆಸರುಗಳೂ ಏಳೂವರೆ ಶತಮಾನ ಉಳಿದುಬಂದವು. ಕಸುಬಿಗೆ ಮರ್ಯಾದೆಯಿದ್ದ ಕಡೆ ಮಾತ್ರ ಹೀಗಾಗುತ್ತದೆ.

ಅದೇ ತಾಲ್ಲೂಕಿನಲ್ಲಿ, ತಿರುಮಕೂಡಲಿನಲ್ಲಿ, 1895ರಲ್ಲಿ ಇನ್ನೊಬ್ಬ ಚೌಡಯ್ಯ ಹುಟ್ಟಿದರು. ಪಿಟೀಲು ಚೌಡಯ್ಯನವರೆಂದರೆ ನಿಮಗೆ ಬೇರೆ ಪರಿಚಯ ಬೇಡ. ಬಿಡಾರಂ ಕೃಷ್ಣಪ್ಪನವರ ಬಳಿ ಅವರು ವರ್ಷಗಟ್ಟಲೆ ಕಠಿಣ ಸಾಧನೆ ಮಾಡಿದರು. ಆಗಿನ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಗಾಯಕನ ಕಂಠ ಮತ್ತು ಮೃದಂಗದ ಘಾತದ ನಡುವೆ ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ಮುಟ್ಟುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಕೂಡಿಸಿದರು. 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಕಚೇರಿಗೆ ಬಂದಿತು. ಇದು ಸುಲಭದ ಮಾತಲ್ಲ. ಜೋಡಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ ಎದ್ದು ಕೇಳುತ್ತದೆ. ಬೆರಳು ಎರಡನ್ನೂ ಸಮವಾಗಿ ಒತ್ತಬೇಕು.

ಇಲ್ಲಿ ಒಂದು ಕ್ಷಣ ನಿಂತು ನೋಡಿರಿ. ಪಿಟೀಲೇ ನಮ್ಮದಲ್ಲ, ಯೂರೋಪಿನಿಂದ ಬಂದದ್ದು. ದಕ್ಷಿಣದ ವಿದ್ವಾಂಸರು ಅದನ್ನು ನೆಲದ ಮೇಲೆ ಕುಳಿತು, ಅದರ ತಲೆಯನ್ನು ಪಾದಕ್ಕೆ ಆನಿಸಿ ನುಡಿಸುವುದನ್ನು ರೂಢಿಸಿ ನಮ್ಮದನ್ನಾಗಿ ಮಾಡಿಕೊಂಡರು. ಚೌಡಯ್ಯನವರು ಅದರ ಮೈಯನ್ನೇ ತಿದ್ದಿದರು. ಆ ಧೈರ್ಯ ಅವರಿಗೆ ಬಂದದ್ದು ಸಂಪ್ರದಾಯವನ್ನು ಬಿಟ್ಟುದರಿಂದಲ್ಲ, ಗುರುವಿನ ಮುಂದೆ ಕುಳಿತು ಅದನ್ನು ಪೂರ್ತಿಯಾಗಿ ಕಲಿತುದರಿಂದ. ಕಲಿತದ್ದನ್ನು ಮುಂದಿನವರಿಗೆ ದಾಟಿಸಲು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನೂ ಸ್ಥಾಪಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂದಿತು. 1967ರಲ್ಲಿ ಅವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಅವರ ನೆನಪಿಗೆ ಪಿಟೀಲಿನ ಆಕಾರದಲ್ಲಿಯೇ ಒಂದು ಸಭಾಭವನ ಎದ್ದಿತು. ಅಭಿಮಾನದ ಕೆಲಸ, ಸಂತೋಷವೇ. ಆದರೆ ಕಟ್ಟಡಕ್ಕೆ ಪಿಟೀಲಿನ ಆಕಾರ ಕೊಡುವುದು ಒಂದು. ಹಿಂದಿನ ಸಾಲಿನ ಕೇಳುಗನನ್ನು ನೆನೆದು ಪಿಟೀಲಿಗೆ ತಂತಿ ಕೂಡಿಸುವುದು ಇನ್ನೊಂದು. ನಮ್ಮ ಮಕ್ಕಳಿಗೆ ಹೆಚ್ಚಾಗಿ ಹೇಳಬೇಕಾದುದು ಎರಡನೆಯದನ್ನು.

ಆ 1927ನೆಯ ಇಸವಿಯಲ್ಲಿಯೇ, ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮತ್ತೊಂದು ಪ್ರಯತ್ನ ಮೊದಲಾಯಿತು. ಗಾಂಧೀಜಿಯವರು ಆ ವರ್ಷ ದೇಹಾಲಸ್ಯದಿಂದ ನಂದಿಬೆಟ್ಟದಲ್ಲಿ, ಬೆಂಗಳೂರಿನಲ್ಲಿ ತಂಗಿದ್ದರು. ಮೈಸೂರು ಸರ್ಕಾರವು ಅಖಿಲ ಭಾರತ ಚರಕಾ ಸಂಘದ ನೆರವಿನಿಂದ ಬದನವಾಳಿನಲ್ಲಿ ಖಾದಿ ಕೇಂದ್ರವನ್ನು ತೆರೆಯಿತು. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಹಳ್ಳಿಯ ಹೆಂಗಸರಿಗೆ ನಾಲ್ಕು ಕಾಸು ಸಿಗಲೆಂಬುದು ಅದರ ಉದ್ದೇಶ. ಹತ್ತು ವರ್ಷದ ಮೇಲೆ, 1937ರಲ್ಲಿ, ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟರು: ಕಸುಬು ಪಾಠದ ಮಧ್ಯದ ಬಿಡುವಲ್ಲ, ಕಸುಬೇ ಪಾಠ. ಇದು ಬರಿಯ ಮಾತಲ್ಲವೆಂಬುದನ್ನು ನೂಲೇ ತೋರಿಸುತ್ತದೆ. ಒಂದು ಪೌಂಡು ತೂಕದಲ್ಲಿ 840 ಗಜದ ಲಡಿಗಳು ಎಷ್ಟಾಗುತ್ತವೋ ಅಷ್ಟೇ ಆ ನೂಲಿನ ನಂಬರು. ಇಪ್ಪತ್ತನೆಯ ನಂಬರಿನ ನೂಲೆಂದರೆ ಪೌಂಡಿಗೆ 16,800 ಗಜ. ಹಂಜಿಯನ್ನು ಹಿಡಿದು ತಾನೇ ನೂತ ಮಗುವಿಗೆ ಗುಣಾಕಾರ, ತೂಕ, ಅಳತೆ, ಹತ್ತಿ ಬೆಳೆಯುವ ನೆಲ, ಎಲ್ಲವೂ ಆ ಎಳೆಯ ತುದಿಯಲ್ಲಿಯೇ ಸಿಗುತ್ತವೆ.

ಆದರೆ ಬದನವಾಳಿನ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಕಾಲ ಕಳೆದಂತೆ ಕೇಂದ್ರದ ಕಟ್ಟಡಗಳು ಶಿಥಿಲವಾದವು. 1993ರಲ್ಲಿ ಆ ಊರಿನಲ್ಲಿ ಜಾತಿಯ ದ್ವೇಷ ಹೊತ್ತಿಕೊಂಡು ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಿನ ದಾರಿ ಮುಚ್ಚಿತು. ಚರಕವೂ ಪೂರ್ವಿಕರಿಂದ ಬಂದದ್ದು, ಜಾತಿಯ ಮೇಲುಕೀಳೂ ಪೂರ್ವಿಕರಿಂದ ಬಂದದ್ದು. ಪಿತ್ರಾರ್ಜಿತವೆಂದ ಮಾತ್ರಕ್ಕೆ ಎಲ್ಲವನ್ನೂ ಇಟ್ಟುಕೊಳ್ಳಲಾಗದು. ಅಕ್ಕಿಯಿಂದ ಕಲ್ಲನ್ನು ಆರಿಸುವಂತೆ ಆರಿಸಲೇಬೇಕು. 2015ರ ಏಪ್ರಿಲ್‌ನಲ್ಲಿ ನಾಟಕಕಾರ ಪ್ರಸನ್ನ ಅವರು ಅದೇ ಪಾಳುಬಿದ್ದ ಖಾದಿ ಕೇಂದ್ರವನ್ನು ಆರಿಸಿಕೊಂಡು ಅಲ್ಲಿ ಕುಳಿತು, ಸರಳ ಬದುಕಿಗಾಗಿ ಬದನವಾಳು ಸತ್ಯಾಗ್ರಹವನ್ನು ನಡೆಸಿದರು. 1996ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘದ ಅನುಭವ ಅವರ ಬೆನ್ನಿಗಿತ್ತು. ಅಲ್ಲಿ ಕೈಮಗ್ಗದ ಬಟ್ಟೆಗೆ ಅಡಕೆಯ ಚೊಗರಿನಂಥ ಸಹಜ ಬಣ್ಣಗಳನ್ನು ಹಾಕಿ, ಪೇಟೆಯವರು ಇಂದು ಉಡುವ ಉಡುಪನ್ನೇ ಹೊಲಿಯುತ್ತಾರೆ. ಬದನವಾಳಿನ ಆ ಮುಚ್ಚಿದ ದಾರಿಯೂ 2022ರ ಗಾಂಧಿ ಜಯಂತಿಯ ದಿನ ಮತ್ತೆ ತೆರೆಯಿತು.

ಈಗ ನಮ್ಮ ಪ್ರಶ್ನೆಗೆ ಹಿಂದಿರುಗೋಣ. ಸೋಮನಾಥಪುರದ ಗುಡಿ 1268ರಲ್ಲಿ ಹೊಚ್ಚ ಹೊಸದಾಗಿತ್ತು. ಏಳು ತಂತಿಯ ಪಿಟೀಲೂ ಹಾಗೆಯೇ. ನಾವು ಇಂದು ಪರಂಪರೆ ಎನ್ನುವುದೆಲ್ಲ ಒಬ್ಬ ಕೆಲಸಗಾರನು ತನ್ನ ಕಾಲದ ತೊಡಕಿಗೆ, ತಾನು ಕಲಿತ ವಿದ್ಯೆಯಿಂದ, ತನ್ನ ಕೈಯಾರೆ ಕಂಡುಕೊಂಡ ಪರಿಹಾರ. ಅವರಿಂದ ನಾವು ಪಡೆಯಬೇಕಾದುದು ಬಳ್ಳಿಯ ಅಚ್ಚನ್ನಲ್ಲ, ಬಳ್ಳಿಯನ್ನು ಕಡೆದ ಬುದ್ಧಿಯನ್ನು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬರಹದಲ್ಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂಬ ಸೂಚನೆಯಿದೆ. ಹತ್ತು ದಿನ ಬಹಳ ಕಡಮೆ. ಆದರೂ ಹತ್ತು ದಿನವೇ. ನೀತಿಯು ಶಾಲೆಗೆ ಬರುವವರೆಗೆ ಮನೆಯವರು ಕಾಯಬೇಕಾಗಿಲ್ಲ. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಸೋಮನಾಥಪುರಕ್ಕೆ ಹೋಗಿರಿ. ಹೊರಡುವ ಮೊದಲು ರಟ್ಟಿನ ಚೌಕವನ್ನು ತಿರುಗಿಸಿ ನಕ್ಷತ್ರವನ್ನು ಬರೆಯಿಸಿರಿ. ಅಲ್ಲಿ ತಲುಪಿದ ಮೇಲೆ ಮೊದಲು ಆ ಮೊನೆಗಳನ್ನು ಎಣಿಸಲಿ, ಆಮೇಲೆ ಪೀಠದಲ್ಲಿರುವ ಹೆಸರುಗಳನ್ನು ಹುಡುಕಲಿ. ಚೌಡೆಯನ ಹೆಸರು ಸಿಕ್ಕಿದರೆ, ಹಿಂದಿರುಗುವಾಗ ಅವರಿಗೆ ಇನ್ನೊಬ್ಬ ಚೌಡಯ್ಯನವರ ಕಥೆಯನ್ನು ಹೇಳಿರಿ. ಆ ರಾತ್ರಿ ರೇಡಿಯೋದಲ್ಲಿ ಪಿಟೀಲಿನ ಕಚೇರಿ ಬಂದರೆ, ಮಕ್ಕಳು ಬೇರೆ ಕಿವಿಯಿಂದ ಕೇಳುತ್ತಾರೆ.