ಜಾಲಕೂಟಗಳ ಉದಯಾಸ್ತಗಳೂ ಬಳಕೆಯ ಅಭ್ಯಾಸಗಳೂ

ಸಾಮಾಜಿಕ ಜಾಲತಾಣಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರ ಬುದ್ಧಿಶಕ್ತಿಯನ್ನೂ ಯಂತ್ರಗಳ ಚಮತ್ಕಾರವನ್ನೂ ವರ್ಣಿಸಿ ಮುಗಿಸುವುದು ವಾಡಿಕೆ. ಆದರೆ ರಾಜವಂಶಗಳ ಪಟ್ಟಿಯೇ ದೇಶದ ಚರಿತ್ರೆಯಾಗಲಾರದು. ಪ್ರಜೆಗಳ ಜೀವನಕ್ರಮವೂ ಅದರಲ್ಲಿ ಸೇರಬೇಕು. ಅಂತೆಯೇ ತಾಣಗಳ ಉದಯಾಸ್ತಗಳೊಡನೆ ಅವುಗಳನ್ನು ಬಳಸಿದ ಜನರ ಅಭ್ಯಾಸಗಳು ಹೇಗೆ ಬೆಳೆದುವು, ಯಾವ ಕಾರಣಗಳಿಂದ ಒಂದರಿಂದ ಮತ್ತೊಂದಕ್ಕೆ ಸಾಗಿದುವು ಎಂಬುದೂ ವಿಚಾರಾರ್ಹವಾದುದು. ಭಾರತದಲ್ಲಿ 2004ರಿಂದ 2024ರವರೆಗೆ ನಡೆದ ಇಪ್ಪತ್ತು ವರ್ಷಗಳ ವೃತ್ತಾಂತವನ್ನು ಪರಿಶೀಲಿಸಿದರೆ, ತಾಣಗಳು ಅಲ್ಪಾಯುಗಳೆಂದೂ ಅಭ್ಯಾಸಗಳು ದೀರ್ಘಾಯುಗಳೆಂದೂ, ಜನರು ಹೀಗೆ ಸ್ಥಳಾಂತರ ಹೊಂದುವಾಗ ನಷ್ಟವಾಗುವುದು ಬರೆಹವೆಂದೂ ತಿಳಿದುಬರುತ್ತದೆ.

ಕಾಲಕ್ರಮವನ್ನು ಅನುಸರಿಸಿ ಮೊದಲು ಆರ್ಕುಟ್ ತಾಣವನ್ನು ತೆಗೆದುಕೊಳ್ಳಬಹುದು. 2004ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಇದನ್ನು ತೆರೆಯಿತು. ಆ ಸಂಸ್ಥೆಯ ಎಂಜಿನಿಯರಾಗಿದ್ದ ತುರ್ಕಿಯ ಆರ್ಕುಟ್ ಬುಯುಕ್ಕೊಕ್ಟೆನ್ ಅವರ ಹೆಸರೇ ತಾಣಕ್ಕೂ ಬಂದಿತು. ಆರಂಭದಲ್ಲಿ ಸದಸ್ಯರ ಆಹ್ವಾನವಿಲ್ಲದೆ ಯಾರಿಗೂ ಪ್ರವೇಶವಿರಲಿಲ್ಲ. ಹುಟ್ಟಿದ ಅಮೆರಿಕದಲ್ಲಿ ಅದು ನೆಲೆಯೂರದೆ ಬ್ರೆಜಿಲ್ ಮತ್ತು ಭಾರತಗಳಲ್ಲಿ ಹಬ್ಬಿತು. 2008ರಲ್ಲಿ ಅದರ ಆಡಳಿತವು ಬ್ರೆಜಿಲಿನ ಬೆಲೊ ಹೊರಿಜೊಂಟೆ ನಗರಕ್ಕೆ ವರ್ಗವಾಯಿತು. ಆ ಕಾಲದಲ್ಲಿ ನಮ್ಮ ದೇಶದ ನಗರಗಳ ಯುವಕರಲ್ಲಿ ಅನೇಕರಿಗೆ ಅಂತರಜಾಲದ ಪರಿಚಯವಾದದ್ದು ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಾಗಿದ್ದ ಸೈಬರ್ ಕೆಫೆಗಳಲ್ಲಿ. ಗೆಳೆಯನ ಪುಟಕ್ಕೆ ತಾನೇ ಹೋಗಿ, 'ಸ್ಕ್ರ್ಯಾಪ್' ಎಂಬ ಚೀಟಿಯೊಂದನ್ನು ಬರೆದಿಟ್ಟು ಹಿಂದಿರುಗುವುದು ಆರ್ಕುಟ್ಟಿನ ಪದ್ಧತಿ. ಅಳತೆಯ ಕಾಲಕ್ಕೆ ಈ ಪದ್ಧತಿ ತಕ್ಕುದಾಗಿತ್ತೆಂದು ಊಹಿಸಬಹುದು. ಅದು ಒಬ್ಬರ ಮನೆಗೆ ಒಬ್ಬರು ಹೋಗಿಬರುವ ಹಳೆಯ ಬಳಕೆಯ ರೂಪಾಂತರವೇ ಸರಿ.

ಫೇಸ್‌ಬುಕ್ ತಾಣವು ಅದೇ 2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2006ರ ಸೆಪ್ಟೆಂಬರಿನಲ್ಲಿ ಸರ್ವರಿಗೂ ತೆರೆಯಿತು. ಅದೇ ತಿಂಗಳಲ್ಲಿ ಅದು 'ನ್ಯೂಸ್ ಫೀಡ್' ಎಂಬ ಏರ್ಪಾಡನ್ನು ತಂದಿತು. ಸ್ನೇಹಿತರ ಪುಟಗಳಿಗೆ ಹೋಗಿ ನೋಡುವುದಕ್ಕೆ ಬದಲಾಗಿ ಅವರ ಸಮಾಚಾರವೆಲ್ಲ ಕುಳಿತ ಕಡೆಗೇ ಬಂದು ಬೀಳತೊಡಗಿತು. ಸದಸ್ಯರು ಮೊದಲು ಇದನ್ನು ಬಲವಾಗಿ ವಿರೋಧಿಸಿದರು. ಆದರೆ ಸ್ವಲ್ಪ ಕಾಲದಲ್ಲಿಯೇ ಅದಿಲ್ಲದ ತಾಣವನ್ನು ಕಲ್ಪಿಸಿಕೊಳ್ಳಲಾರದವರಾದರು. 2009ರಲ್ಲಿ 'ಲೈಕ್' ಗುಂಡಿ ಬಂದಮೇಲೆ ಒಂದು ಮಾತನ್ನೂ ಬರೆಯದೆ ಸಮ್ಮತಿಯನ್ನು ಸೂಚಿಸುವುದು ಸಾಧ್ಯವಾಯಿತು. ಹೋಗಿ ನೋಡುವವನು ಹೀಗೆ ಕುಳಿತು ಸ್ವೀಕರಿಸುವವನಾದನು. ಹರಿದುಬರುವ ಸಮಾಚಾರದ ನಡುವೆ ವರ್ತಕರ ಜಾಹೀರಾತನ್ನು ಸೇರಿಸುವುದೂ ಇದರಿಂದ ಸುಲಭವಾಯಿತು. ತಾಣದ ಆದಾಯಕ್ಕೆ ಮೂಲವು ಇಲ್ಲಿಯೇ ಇದೆ.

ಭಾರತದಲ್ಲಿ ಫೇಸ್‌ಬುಕ್ ಆರ್ಕುಟ್ಟನ್ನು ಮೊದಲ ಬಾರಿಗೆ ಮೀರಿದುದು 2010ರ ಜುಲೈ ತಿಂಗಳಿನಲ್ಲಿ. ಕಾಮ್‌ಸ್ಕೋರ್ ಸಂಸ್ಥೆಯ ಗಣನೆಯಂತೆ ಆ ತಿಂಗಳು ಫೇಸ್‌ಬುಕ್ಕಿಗೆ ಬಂದವರು ಸುಮಾರು 2 ಕೋಟಿ 9 ಲಕ್ಷ, ಆರ್ಕುಟ್ಟಿಗೆ ಬಂದವರು ಸುಮಾರು 1 ಕೋಟಿ 99 ಲಕ್ಷ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಆರ್ಕುಟ್ಟಿನ ಸಂಖ್ಯೆಯೂ ಹಿಂದಿನ ವರ್ಷಕ್ಕಿಂತ ಶೇಕಡಾ 16ರಷ್ಟು ಹೆಚ್ಚಿತ್ತು. ಆದುದರಿಂದ ಹಳೆಯ ತಾಣ ಮೊದಲು ಬರಿದಾಗಿ ಅನಂತರ ಹೊಸದು ತುಂಬಿತೆಂಬ ಸಾಮಾನ್ಯ ಅಭಿಪ್ರಾಯ ಈ ಸಂದರ್ಭಕ್ಕೆ ಹೊಂದುವುದಿಲ್ಲ. ಹೊಸಬರಲ್ಲಿ ಹೆಚ್ಚಿನವರು ಬೇರೆಯ ಬಾಗಿಲಿನಿಂದ ಒಳಹೊಕ್ಕರು. ಹಳಬರು ಕೆಲಕಾಲ ಎರಡು ಕಡೆಯೂ ಇದ್ದು, ತಮ್ಮ ಬಳಗ ಯಾವ ಕಡೆ ಹೆಚ್ಚಿತೋ ಆ ಕಡೆಗೆ ಸೇರಿದರು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು.

ಈ ಬದಲಾವಣೆಗಳಿಗೆ ಬೆಲೆ, ಉಪಕರಣ, ಲಿಪಿ ಎಂಬ ಮೂರು ಕಾರಣಗಳನ್ನು ಹೇಳಬಹುದು. ಮೊಬೈಲಿನ ಎಸ್‌ಎಂಎಸ್ ಸಂದೇಶಕ್ಕೆ ಹಣ ತೆರಬೇಕಾಗಿತ್ತು. ಶುಭಾಶಯಗಳನ್ನು ಕಳುಹಿಸುವ ಹಬ್ಬದ ದಿನಗಳಲ್ಲಿಯೇ ಕಂಪೆನಿಗಳು ರಿಯಾಯಿತಿಯನ್ನು ನಿಲ್ಲಿಸುತ್ತಿದ್ದುವು. 2009ರಲ್ಲಿ ಜಾನ್ ಕೂಮ್ ಮತ್ತು ಬ್ರಯನ್ ಆಕ್ಟನ್ ಸ್ಥಾಪಿಸಿದ ವಾಟ್ಸಾಪ್ ಈ ವೆಚ್ಚವನ್ನು ತಪ್ಪಿಸಿದುದರಿಂದ ಜನಪ್ರಿಯವಾಯಿತು. 2014ರಲ್ಲಿ ಫೇಸ್‌ಬುಕ್ ಸಂಸ್ಥೆ ಅದನ್ನು ಸುಮಾರು 1,900 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ, ತಿಂಗಳುಗಟ್ಟಲೆ ಡೇಟಾವನ್ನು ಉಚಿತವಾಗಿ ಹಂಚಿದ ಮೇಲೆ, ಗಂಟೆಯ ಲೆಕ್ಕದ ಜಾಲವು ಇಡೀ ದಿನದ ಜಾಲವಾಯಿತು. ಕನ್ನಡ ಲಿಪಿಯು 1991ರ ಮೊದಲನೆಯ ಯೂನಿಕೋಡ್ ಆವೃತ್ತಿಯಲ್ಲಿಯೇ ಇದ್ದರೂ, 1998ರಲ್ಲಿ 'ಬರಹ' ತಂತ್ರಾಂಶ ಬಂದಿದ್ದರೂ, ಬಹುಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುತ್ತಿದ್ದರು. ಕೈಯಲ್ಲಿರುವ ಫೋನಿನಲ್ಲಿ ಕನ್ನಡದ ಕೀಲಿಮಣೆ ಸಿಕ್ಕಿದ ಮೇಲೆ ಈ ತೊಡಕು ಕಡಮೆಯಾಯಿತು. 2013ರಲ್ಲಿ ವಾಟ್ಸಾಪಿಗೆ ಧ್ವನಿಸಂದೇಶ ಬಂದುದರಿಂದ ಬರೆಯಲು ಬಾರದವರಿಗೂ ಮಾರ್ಗವಾಯಿತು.

ಕೊಳ್ಳುವ ಅಭ್ಯಾಸವೂ ಹೀಗೆಯೇ ಹಳೆಯ ಬೇರಿನಿಂದ ಚಿಗುರಿತು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ, ಸರಕು ಕೈಸೇರಿದ ಮೇಲೆ ಹಣ ಕೊಡುವ ಕ್ರಮವನ್ನು ತಂದಿತು. ಕಾಣದ ಅಂಗಡಿಯವನಿಗೆ ಮುಂಗಡ ಕೊಡಲು ಹಿಂಜರಿಯುವ ಗ್ರಾಹಕನ ಸ್ವಭಾವಕ್ಕೆ ಇದು ಸಲ್ಲಿಸಿದ ಗೌರವ. ಅದೇ ನಗರದಲ್ಲಿ 2015ರಲ್ಲಿ ಆರಂಭವಾದ ಮೀಶೋ, ಗೃಹಿಣಿಯರೇ ಮೊದಲಾದವರು ಸೀರೆ ಮುಂತಾದ ಸರಕುಗಳ ಚಿತ್ರಗಳನ್ನು ವಾಟ್ಸಾಪಿನಲ್ಲಿ ಪರಿಚಿತರಿಗೆ ಕಳುಹಿಸಿ ಮಾರುವುದಕ್ಕೆ ಅನುಕೂಲ ಕಲ್ಪಿಸಿತು. ಪರಿಚಿತರ ಮಾತಿನ ಮೇಲೆ ಕೊಳ್ಳುವುದು ನಮ್ಮ ಪೇಟೆಗಳ ಪುರಾತನ ಪದ್ಧತಿ. ಯಂತ್ರ ಹೊಸದು, ನಂಬಿಕೆ ಹಳೆಯದು.

ಅಭ್ಯಾಸವು ತಾಣಕ್ಕಿಂತ ಹೆಚ್ಚು ಬಾಳುತ್ತದೆಂಬುದಕ್ಕೆ 2020ರ ಸಂಗತಿ ಸ್ಪಷ್ಟವಾದ ಪ್ರಮಾಣ. ಆ ವರ್ಷ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ಕಿರುಚಿತ್ರ ನೋಡುವ ಅಭ್ಯಾಸ ನಿಲ್ಲಲಿಲ್ಲ. ಜುಲೈ ತಿಂಗಳಿನಲ್ಲಿಯೇ ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆ ಮೋಜ್ ಎಂಬುದನ್ನು ತಂದಿತು. ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ಆರಂಭಿಸಿತು. ನೋಡುಗರು ಹೊಸ ತಾಣಗಳಿಗೆ ಸಾಗಿದರು. ಹಳೆಯ ತಾಣದಲ್ಲಿ ಹಳ್ಳಿಗಾಡಿನ ಕಲಾವಿದರು ಕಟ್ಟಿಕೊಂಡಿದ್ದ ಅಭಿಮಾನಿವೃಂದ ಮಾತ್ರ ಅವರೊಡನೆ ಸಾಗಲಿಲ್ಲ. ಅದೇ ವರ್ಷ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕ ಅವರು ಬೆಂಗಳೂರಿನಲ್ಲಿ ನಡೆಸಿದ 'ಕೂ' ತಾಣವು ಕನ್ನಡದಿಂದಲೇ ಮೊದಲ್ಗೊಂಡು ಇತರ ದೇಶಭಾಷೆಗಳಿಗೆ ಹಬ್ಬಿತು. ದೊಡ್ಡ ಸಂಸ್ಥೆಗಳೊಡನೆ ನಡೆದ ಮಾತುಕತೆ ಫಲಿಸದೆ 2024ರ ಜುಲೈನಲ್ಲಿ ಅದನ್ನು ಮುಚ್ಚುವುದಾಗಿ ಸ್ಥಾಪಕರು ತಿಳಿಸಿದರು. ಭಾಷಾಭಿಮಾನವಿದ್ದರೂ ನಿತ್ಯವೆಚ್ಚಕ್ಕೆ ದಾರಿಯಿಲ್ಲದ ತಾಣ ನಿಲ್ಲಲಾರದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸಾಹಿತ್ಯದ ಅಧ್ಯಾಪಕರಿಗೂ ಸಂಶೋಧಕರಿಗೂ ಈ ವೃತ್ತಾಂತದಿಂದ ಏನು ಪ್ರಯೋಜನವೆಂದು ಕೇಳಬಹುದು. ಈ ಇಪ್ಪತ್ತು ವರ್ಷಗಳ ಕನ್ನಡದ ಹರಟೆ, ವಾದ, ಹನಿಗವನ, ಗ್ರಂಥವಿಮರ್ಶೆಗಳಲ್ಲಿ ಬಹುಭಾಗ ಇಂಥ ಖಾಸಗಿ ಕಣಜಗಳಲ್ಲಿಯೇ ಸಂಗ್ರಹವಾಗಿದೆ. ಕಣಜದ ಬೀಗದ ಕೈ ಒಡೆಯನದು. ಯಾಹೂ ಸಂಸ್ಥೆ 2009ರ ಅಕ್ಟೋಬರಿನಲ್ಲಿ ಜಿಯೋಸಿಟೀಸ್ ತಾಣವನ್ನು ಮುಚ್ಚಿದಾಗ ಸ್ವಯಂಸೇವಕರು ಆತುರದಿಂದ ಪ್ರತಿಮಾಡಿದಷ್ಟು ಮಾತ್ರ ಉಳಿಯಿತು. ಮೈಸ್ಪೇಸ್ ತಾಣದಲ್ಲಿ 2015ಕ್ಕಿಂತ ಹಿಂದೆ ಸೇರಿಸಿದ್ದ ಸಂಗೀತವೆಲ್ಲ ಯಂತ್ರ ಬದಲಿಸುವಾಗ ನಾಶವಾಯಿತೆಂಬುದು 2019ರಲ್ಲಿ ಬಯಲಾಯಿತು. ಆರ್ಕುಟ್ಟಿನ ಸಾರ್ವಜನಿಕ ಕೂಟಗಳ ಸಂಗ್ರಹವನ್ನು ಕೆಲವು ವರ್ಷ ಇಟ್ಟಿದ್ದು ಆಮೇಲೆ ತೆಗೆದುಹಾಕಿದರು.

ಓಲೆಗರಿ ಕಲ್ಲಿನಷ್ಟು ದೃಢವಲ್ಲ. ಹುಳುವಿಗೂ ತೇವಕ್ಕೂ ಸುಲಭವಾಗಿ ತುತ್ತಾಗುತ್ತದೆ. ಆದರೂ ಹಳಗನ್ನಡ ಕಾವ್ಯಗಳು ಉಳಿದುಬಂದದ್ದು ತಲೆಮಾರಿನಿಂದ ತಲೆಮಾರಿಗೆ ಪ್ರತಿಕಾರರು ಅವನ್ನು ಬರೆದಿಟ್ಟುದರಿಂದ. ಮೂಡುಬಿದಿರೆಯಲ್ಲಿ ಬಹುಕಾಲ ಒಂದೆಡೆ ಮಾತ್ರ ಇದ್ದ ಧವಲ ಗ್ರಂಥಗಳು, 19ನೆಯ ಶತಮಾನದ ಕೊನೆಯಲ್ಲಿ ಪ್ರತಿಲೇಖನ ಆರಂಭವಾದುದರಿಂದಲೇ ವಿದ್ವಲ್ಲೋಕಕ್ಕೆ ದೊರೆತುವು. ಜಾಲದ ಬರೆಹಕ್ಕೂ ಇದೇ ನ್ಯಾಯ ಸಲ್ಲುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಯಾರು ಬೇಕಾದರೂ ಸಮಗ್ರವಾಗಿ ಪ್ರತಿಮಾಡಿಕೊಳ್ಳಲು ಅನುಮತಿಯುಂಟು. ಆದಕಾರಣ ಅದರ ಬಾಳು ಒಬ್ಬ ಒಡೆಯನ ಇಚ್ಛೆಗೆ ಕಟ್ಟುಬಿದ್ದಿಲ್ಲ. ಜಾಲಕೂಟಗಳ ಸ್ಥಿತಿ ಹಾಗಲ್ಲ. ಎಲ್ಲವನ್ನೂ ಸಂಗ್ರಹಿಸಬೇಕೆಂಬುದೂ ಸಾಧುವಲ್ಲ. ಗೆಳೆಯನಿಗೆ ಬರೆದ ಚೀಟಿ ಲೋಕಕ್ಕೆ ಬರೆದ ಗ್ರಂಥವಲ್ಲ, ಬರೆದವನ ಸಮ್ಮತಿಯಿಲ್ಲದೆ ಅದನ್ನು ಪ್ರಕಟಿಸುವುದು ನ್ಯಾಯವಲ್ಲ. ಲೋಕಕ್ಕೆಂದೇ ಬರೆದುದನ್ನಾದರೂ, ತಾಣವು ಬದುಕಿರುವಾಗಲೇ, ಬರೆದವರ ಅನುಮತಿ ಪಡೆದು ಗ್ರಂಥಭಂಡಾರಗಳು ಪ್ರತಿಮಾಡಿಡುವುದು ಯುಕ್ತ. ಮುಚ್ಚುವ ಪ್ರಕಟಣೆ ಹೊರಟ ಮೇಲೆ ದೊರೆಯುವ ಅವಧಿ ಬಹಳ ಅಲ್ಪ. ಆರ್ಕುಟ್ಟಿನ ಸದಸ್ಯರಿಗೆ ದೊರೆತ ಮುನ್ಸೂಚನೆ ಮೂರು ತಿಂಗಳಿನದು ಮಾತ್ರ.